ಸೈಟಿನ ನಾಲ್ಕು ಬದಿ ಗೊತ್ತು, ಚದರಡಿ ಎಷ್ಟು?

‘ಸರ್, ನಮ್ಮ ಸೈಟು ಸ್ವಲ್ಪ ಸೊಟ್ಟ. ಸುತ್ತ 25, 39, 26, 42 ಅಡಿ ಇದೆ. ಒಟ್ಟು ಎಷ್ಟು ಚದರಡಿ?’

ಅಂಕಿ ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ನನ್ನ ಉತ್ತರವೂ ಅದೇ: ಹೇಳೋಕಾಗಲ್ಲ. ಇನ್ನೊಂದು ಅಳತೆ ಬೇಕು.

‘ಬ್ರೋಕರ್ ಆಗಲೇ ಲೆಕ್ಕ ಹಾಕಿಕೊಟ್ಟರಲ್ಲ?’ ಕೊಟ್ಟಿರುತ್ತಾರೆ. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡು, ಬಂದ ಎರಡನ್ನೂ ಗುಣಿಸು. 25.5 × 40.5 = 1032.75. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ತಪ್ಪು ಲೆಕ್ಕ.

ನಂಬಿಕೆ ಬರದಿದ್ದರೆ ಪೊರಕೆಯಿಂದ ನಾಲ್ಕು ಕಡ್ಡಿ ಎಳೆದುಕೊಳ್ಳಿ. ತುದಿಗಳನ್ನು ದಾರದಲ್ಲಿ ಸಡಿಲವಾಗಿ ಕಟ್ಟಿ ಚೌಕ ಮಾಡಿ. ಈಗ ಎದುರುಬದುರಿನ ಎರಡು ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ. ಚೌಕ ಸೊಟ್ಟಗಾಗುತ್ತದೆ, ಇನ್ನೂ ಎಳೆದರೆ ಕಡ್ಡಿಗೆ ಕಡ್ಡಿ ಅಂಟಿಕೊಂಡು ಒಳಗಿನ ಜಾಗವೇ ಮಾಯ. ಕಡ್ಡಿಯ ಉದ್ದ ಒಂದು ನೂಲೂ ಬದಲಾಗಿಲ್ಲ, ಅಲ್ವಾ? ಸರಾಸರಿ ಲೆಕ್ಕ ಮಾತ್ರ ಮೊದಲು ಹೇಳಿದ ಉತ್ತರವನ್ನೇ ಹೇಳುತ್ತಾ ಕೂತಿರುತ್ತದೆ.

ಇನ್ನೊಂದು ವಿಷಯ. ಈ ಲೆಕ್ಕ ಯಾವತ್ತೂ ಕಡಿಮೆ ತೋರಿಸುವುದಿಲ್ಲ. ನಾಲ್ಕೂ ಮೂಲೆ 90 ಡಿಗ್ರಿ ಇದ್ದರೆ ಸರಿ ಉತ್ತರ, ಇಲ್ಲದಿದ್ದರೆ ಜಾಸ್ತಿಯೇ. ಯಾರಿಗೆ ಲಾಭ ಅಂತ ನೀವೇ ಯೋಚಿಸಿ.

ಇದು ಬ್ರೋಕರ್‌ಗಳ ಸಂಶೋಧನೆಯೇನೂ ಅಲ್ಲ. 628ರಲ್ಲೇ ಬ್ರಹ್ಮಗುಪ್ತ ಇದನ್ನು ಹೇಳಿದ್ದಾನೆ, ಆದರೆ ‘ಸ್ಥೂಲ’ ಅಂತ ಹಣೆಪಟ್ಟಿ ಹಚ್ಚಿಯೇ ಹೇಳಿದ್ದಾನೆ. ಅಂದರೆ ಅಂದಾಜು. ಲೀಲಾವತಿ ಬರೆದ ಭಾಸ್ಕರಾಚಾರ್ಯನಿಗಂತೂ ನನಗಿಂತ ಸಿಟ್ಟು ಜಾಸ್ತಿ. ಕರ್ಣವನ್ನೋ (ಅಂದರೆ ಮೂಲೆಯಿಂದ ಎದುರು ಮೂಲೆಗಿರುವ ಅಳತೆ) ಲಂಬವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ ಅಂತಾನೆ. ಉತ್ತರ ಹೇಳಹೊರಟವನಿಗೂ ಅದೇ ಬಿರುದು. ನಾನು ಅಷ್ಟು ದೂರ ಹೋಗುವುದಿಲ್ಲ, ಟೇಪು ಹಿಡಿದು ವಾಪಸ್ ಹೋಗಿ ಅಂತೀನಿ ಅಷ್ಟೇ.

ಹೋಗಿ ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಈ ಸೈಟಿಗೆ ಅದು 40 ಅಡಿ ಬಂತು ಅನ್ನಿ. ಈಗ ಸೈಟು ಎರಡು ತ್ರಿಕೋನ: 25, 39, 40 ಒಂದು, 26, 42, 40 ಇನ್ನೊಂದು. ಮೂರು ಬದಿ ಗೊತ್ತಾದ ತ್ರಿಕೋನ ಕಡ್ಡಿಗಳ ಹಾಗೆ ಅಲ್ಲಾಡುವುದಿಲ್ಲ. ಒಂಬತ್ತನೇ ಕ್ಲಾಸಿನ ಹೆರಾನ್ ಸೂತ್ರ ನೆನಪಿದೆಯಾ? ಮೂರು ಬದಿ ಕೂಡಿಸಿ ಅರ್ಧ ಮಾಡಿದರೆ 52. ಅದರಿಂದ ಒಂದೊಂದೇ ಬದಿ ಕಳೆದರೆ 27, 13, 12. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 468. ಇನ್ನೊಂದು ತ್ರಿಕೋನ ಹೀಗೇ 504. ಒಟ್ಟು 972 ಚದರಡಿ. ಬ್ರೋಕರ್ ಲೆಕ್ಕಕ್ಕೂ ಇದಕ್ಕೂ ಸುಮಾರು 61 ಚದರಡಿ ವ್ಯತ್ಯಾಸ. ಆರಡಿಗೆ ಹತ್ತಡಿಯ ಬಚ್ಚಲುಮನೆಗಿಂತ ಒಂದು ಕೈ ಜಾಸ್ತಿ, ಇಲ್ಲದ ಜಾಗಕ್ಕೆ ದುಡ್ಡು.

‘ನಮ್ಮದು 30×40, ನಮಗೆ ಈ ತಲೆನೋವಿಲ್ಲ’ ಅನ್ನುವವರಿಗೂ ಒಂದು ಮಾತು, ನೀವು ಕೇಳದಿದ್ದರೂ. ಎರಡೂ ಕರ್ಣ ಅಳೆದಿದ್ದೀರಾ? ಎರಡೂ 50 ಬರಬೇಕು. ಒಂದು 52, ಇನ್ನೊಂದು 48ರ ಹತ್ತಿರ ಬಂದರೆ ಸೈಟು ವಾಲಿದೆ. ವಿಸ್ತೀರ್ಣದಲ್ಲಿ ಹೋಗುವುದು ನಾಲ್ಕೇ ಚದರಡಿ, ಅದಕ್ಕೆ ಜಗಳ ಬೇಡ. ಆದರೆ ಗೋಡೆಯನ್ನು ಗಡಿಗೆ ಸರಿಯಾಗಿ ಎಬ್ಬಿಸಿದರೆ ಮೂಲೆಮಟ್ಟ ಕೂರುವುದಿಲ್ಲ. ಅದು ಗೊತ್ತಾಗುವುದು ಟೈಲ್ಸ್ ಹಾಕುವ ದಿನ: ಈ ತುದಿಯಲ್ಲಿ ಪೂರ್ತಿ ಕಲ್ಲು, ಆ ತುದಿಗೆ ಹೋಗುವಷ್ಟರಲ್ಲಿ ಬೆರಳಗಲದ ಚೂರು.