ವಿಮಾನ ಕಾರ್ಖಾನೆಯ ಕಸ: ಬೆರೆತರೆ ಕೆಟ್ಟಿತು

ಯುದ್ಧವಿಮಾನದ ರೆಕ್ಕೆ ಮತ್ತು ಮೈಯೊಳಗಿನ ಎಷ್ಟೋ ಭಾಗಗಳನ್ನು ದಪ್ಪ ಅಲ್ಯೂಮಿನಿಯಂ ಹಲಗೆಯಿಂದ ಕೊರೆದು ತೆಗೆಯುತ್ತಾರೆ. ಜೋಡಣೆ ಇಲ್ಲದ ಒಂದೇ ತುಂಡಾದರೆ ಗಟ್ಟಿ, ಹಗುರ. ಆದರೆ 100 ಕೆ.ಜಿ. ಹಲಗೆ ಮೆಷಿನ್ ಏರಿದರೆ ಕೊನೆಗೆ ಉಳಿಯುವ ಭಾಗ ಕೆಲವೊಮ್ಮೆ 10 ಕೆ.ಜಿ. ಮಾತ್ರ. ಮಿಕ್ಕಿದ್ದೆಲ್ಲ ಸುರುಳಿ ಸುರುಳಿ ಚಿಪ್ಸ್ ಆಗಿ ಕೆಳಗೆ ಬೀಳುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಇಂಥ ಮೆಷಿನ್ ವಿಮಾನಕ್ಕಿಂತ ಜಾಸ್ತಿ ಚಿಪ್ಸ್ ತಯಾರಿಸುತ್ತದೆ.

ಬೆಂಗಳೂರಿಗೆ ಇದು ದೂರದ ವಿಷಯವಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್ ಇಲ್ಲೇ ಇದೆ, ತೇಜಸ್ ಇಲ್ಲೇ ತಯಾರಾಗುತ್ತದೆ. 2023ರಲ್ಲಿ ತುಮಕೂರು ಜಿಲ್ಲೆಯಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆಯೂ ಉದ್ಘಾಟನೆಯಾಯಿತು. ಇಂಥ ಕಾರ್ಖಾನೆಗಳ ಕಸ ಏನಾಗುತ್ತದೆ ಅಂತ ಕೇಳಿದರೆ "ಗುಜರಿಗೆ ಹೋಗುತ್ತೆ, ಕರಗಿಸ್ತಾರೆ" ಅನ್ನುವ ಉತ್ತರ ಸಿಗುತ್ತದೆ. ಅಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು.

ಅಲ್ಯೂಮಿನಿಯಂ ಕರಗಿಸುವುದು ಲಾಭದ ಕೆಲಸವೇ. ಬಾಕ್ಸೈಟ್‌ನಿಂದ ಹೊಸದಾಗಿ ಲೋಹ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 5% ಇದ್ದರೆ ಹಳೆಯದನ್ನು ಕರಗಿಸಬಹುದು. ತೊಡಕು ಇರುವುದು ಬೆರಕೆಯಲ್ಲಿ. ವಿಮಾನಕ್ಕೆ ಬಳಸುವ, 2024 ಅನ್ನುವ ನಂಬರಿನ ಮಿಶ್ರಲೋಹದಲ್ಲಿ ಸುಮಾರು 4% ತಾಮ್ರ ಇರುತ್ತದೆ. 7075 ನಂಬರಿನದರಲ್ಲಿ 5%ಗಿಂತ ಜಾಸ್ತಿ ಸತು. ಕಣ್ಣಿಗೆ ಎರಡೂ ಒಂದೇ ಬೆಳ್ಳಿ ಬಣ್ಣ. ಒಂದೇ ಡ್ರಮ್ಮಿಗೆ ಬಿದ್ದು ಒಟ್ಟಿಗೆ ಕರಗಿದರೆ ತಾಮ್ರವನ್ನೋ ಸತುವನ್ನೋ ಹಿಂದಕ್ಕೆ ತೆಗೆಯುವುದು ತುಂಬ ಕಷ್ಟ. ಸಾರಿಗೆ ಉಪ್ಪು ಜಾಸ್ತಿ ಬಿದ್ದಾಗ ನೀರು ಹೊಯ್ದು ಸರಿಮಾಡುವಂತೆ, ಹೊಸ ಅಲ್ಯೂಮಿನಿಯಂ ಸುರಿದು ತೆಳು ಮಾಡಬೇಕು. ಇಲ್ಲವಾದರೆ ಅದು ಅಚ್ಚು ಹೊಯ್ಯುವ ಸಾಧಾರಣ ಲೋಹವಾಗಿ ಇಳಿದುಹೋಗುತ್ತದೆ. ವಿಮಾನಕ್ಕೆಂದು ತಂದ ಲೋಹ ಮತ್ತೆ ವಿಮಾನಕ್ಕೆ ಬರುವುದಿಲ್ಲ.

ಹಾಗಾಗಿ ಮರುಬಳಕೆಯ ಹಣೆಬರಹ ಕುಲುಮೆಯ ಹತ್ತಿರ ಅಲ್ಲ, ಮೆಷಿನ್ ಪಕ್ಕದಲ್ಲೇ ನಿರ್ಧಾರವಾಗುತ್ತದೆ. ಹಲಗೆ ಬದಲಾದಾಗ ತೊಟ್ಟಿ ಗುಡಿಸಿದರಾ? ಡ್ರಮ್ಮಿನ ಮೇಲೆ ಮಿಶ್ರಲೋಹದ ಹೆಸರು ಬರೆದರಾ? ಆಮೇಲಿನ ಕೆಲಸ ಯಂತ್ರಗಳದ್ದು. ಚಿಪ್ಸ್‌ಗೆ ಅಂಟಿದ ಕೂಲೆಂಟನ್ನು, ಅಂದರೆ ಕೊರೆಯುವಾಗ ತಂಪಿಗೆ ಸುರಿಯುವ ಎಣ್ಣೆ ಬೆರೆತ ದ್ರವವನ್ನು, ಗಿರ್ರನೆ ತಿರುಗಿಸಿ ಹಿಂಡುತ್ತಾರೆ, ಒಣಗಿದ್ದನ್ನು ಒತ್ತಿ ಇಟ್ಟಿಗೆ ಮಾಡುತ್ತಾರೆ. ಸಡಿಲ ಚಿಪ್ಸನ್ನು ಹಾಗೇ ಕುಲುಮೆಗೆ ಹಾಕಿದರೆ ಎಣ್ಣೆ ಹೊಗೆಯಾಗುತ್ತದೆ, ಲೋಹದ ಒಂದು ಪಾಲು ಗಾಳಿಯ ಆಮ್ಲಜನಕ ಸೇರಿ ಬೂದಿಯಾಗುತ್ತದೆ.

ಟೈಟಾನಿಯಂನದು ಇನ್ನೂ ಕಠಿಣ ಕಥೆ. ಇದರ ನುಣ್ಣನೆ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ. ನೀರೇ ಒಡೆದು ಹೈಡ್ರೋಜನ್ ಬಿಡುತ್ತದೆ. ಒಣ ಮರಳೋ ಲೋಹದ ಬೆಂಕಿಗೆಂದೇ ಮಾಡಿದ ಪುಡಿಯೋ ಬೇಕು. ಕೊರೆಯುವಾಗ ಟೂಲಿನ ತುದಿಯಿಂದ ಮುರಿದ ಟಂಗ್‌ಸ್ಟನ್ ಕಾರ್ಬೈಡ್ ಚೂರು ಚಿಪ್ಸ್ ಜೊತೆ ಸೇರಿಕೊಂಡಿರಬಹುದು. ಅದು ಎಂಜಿನ್ನಿನಲ್ಲಿ ತಿರುಗುವ ಡಿಸ್ಕಿನ ಒಳಗೆ ಸಿಕ್ಕಿಕೊಂಡರೆ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಅದಕ್ಕೇ ಮತ್ತೆ ವಿಮಾನಕ್ಕೆ ಹೋಗಬೇಕಾದ ಟೈಟಾನಿಯಂ ಚಿಪ್ಸನ್ನು ತೊಳೆದು, ಎಕ್ಸ್‌ರೇ ಹಿಡಿದು ಹುಡುಕುತ್ತಾರೆ. ಅಷ್ಟು ಶುದ್ಧವಿಲ್ಲದ್ದು ಫೆರೋಟೈಟಾನಿಯಂ (ಕಬ್ಬಿಣ-ಟೈಟಾನಿಯಂ ಬೆರಕೆ) ಆಗಿ ಉಕ್ಕಿನ ಕಾರ್ಖಾನೆ ಸೇರುತ್ತದೆ. ಪರೀಕ್ಷೆಯಲ್ಲಿ ಫೇಲಾದ ಸಿದ್ಧ ಭಾಗಗಳನ್ನೂ ಸುಮ್ನೆ ಮಾರುವಂತಿಲ್ಲ. ಯಾರೋ ತೊಳೆದು ಹೊಳಪು ಕೊಟ್ಟು ಬಿಡಿಭಾಗ ಅಂತ ವಾಪಸ್ ತರದಂತೆ, ಕತ್ತರಿಸಿ ಕೆಡಿಸಿಯೇ ಗುಜರಿಗೆ ಹಾಕಬೇಕು.

ಲೋಹಕ್ಕಾದರೆ ಬೆಲೆ ಇದೆ, ಹಾಗಾಗಿ ಜೋಪಾನವೂ ಇದೆ. ಭಾಗಗಳನ್ನು ತೊಳೆದ ನೀರಿಗೆ ಬೆಲೆ ಕಟ್ಟುವವರು ಯಾರೂ ಇಲ್ಲ. ಬೆರೆಸಬಾರದು ಅನ್ನುವ ಮಾತು ಪ್ರಾಣದ ಪ್ರಶ್ನೆಯಾಗುವುದು ಅಲ್ಲೇ.

ಅಲ್ಯೂಮಿನಿಯಂ ತುಕ್ಕು ಹಿಡಿಯದಿರಲಿ ಅಂತ ಭಾಗಗಳನ್ನು ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸುವುದು ಹಳೆಯ ಪದ್ಧತಿ. ತೊಳೆದ ನೀರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಉಳಿಯುತ್ತದೆ. ಇದು ಕ್ಯಾನ್ಸರ್ ತರುವ ವಸ್ತು. ಕೆರೆ, ನದಿಗೆ ಬಿಡುವ ನೀರಿನಲ್ಲಿ ಇದು ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಕಾನೂನು ಹೇಳುತ್ತದೆ. ಶುದ್ಧಿ ಮಾಡುವಾಗ ಮೊದಲು ಆಮ್ಲ ಹಾಕಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 2-3ಕ್ಕೆ ಇಳಿಸುತ್ತಾರೆ. ಆಮೇಲೆ ಸೋಡಿಯಂ ಬೈಸಲ್ಫೈಟ್. ಹಳದಿ-ಕಿತ್ತಳೆ ನೀರು ನೋಡನೋಡುತ್ತಿದ್ದಂತೆ ಹಸಿರಾಗುತ್ತದೆ. ಹಾಗಾದರೆ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದು, ವಿಷ ಬಹಳಷ್ಟು ತಗ್ಗಿತು ಎಂದರ್ಥ. ಕೊನೆಗೆ ಸುಣ್ಣ ಹಾಕಿದರೆ ಅದು ಕೆಸರಾಗಿ ತಳ ಸೇರುತ್ತದೆ.

ಅದೇ ಕಾರ್ಖಾನೆಯಲ್ಲಿ ಉಕ್ಕಿನ ಭಾಗಗಳಿಗೆ ಕ್ಯಾಡ್ಮಿಯಂ ಲೇಪನವೂ ನಡೆಯುತ್ತಿದ್ದರೆ ಅಲ್ಲಿನ ನೀರಿನಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ. ಅದಕ್ಕೆ ತದ್ವಿರುದ್ಧ ಉಪಚಾರ. ಪಿಎಚ್ 10ರ ಮೇಲೆ ಇಟ್ಟುಕೊಂಡು ಸೋಡಿಯಂ ಹೈಪೋಕ್ಲೋರೈಟಿನಿಂದ ಒಡೆಯಬೇಕು. ಈ ಸಯನೈಡ್ ನೀರು ಕ್ರೋಮಿಯಂನ ಆಮ್ಲದ ತೊಟ್ಟಿಗೆ ಹರಿದುಬಿಟ್ಟರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಹತ್ತಿರ ಇದ್ದವರ ಜೀವಕ್ಕೇ ಕುತ್ತು. ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ಬೇರೆ ತೊಟ್ಟಿ ಇಡುವುದು ಇದಕ್ಕೇ. ಆ ವಾಲ್ವುಗಳನ್ನು ದಿನವೂ ನೋಡಿಕೊಳ್ಳುವ ಕೆಲಸಗಾರರನ್ನು ವಿಮಾನ ಜೋಡಿಸುವವರಷ್ಟೇ ಗೌರವದಿಂದ ಕಾಣಬೇಕು. ಇದು ನನ್ನ ಖಚಿತ ಅಭಿಪ್ರಾಯ.

ತಳ ಸೇರಿದ ಕೆಸರನ್ನು ಹಿಂಡಿ ಬಿಲ್ಲೆ ಮಾಡುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಲಾರಿ ಹೊರಟರೆ ಜೊತೆಗೆ ಏಳು ಬಣ್ಣದ ಏಳು ಪ್ರತಿಯ ಪತ್ರ. ಹಳದಿ ಕಳಿಸಿದವರಿಗೆ, ಕಿತ್ತಳೆ ಸಾಗಿಸಿದವರಿಗೆ, ಗುಲಾಬಿ ಪಡೆದವರಿಗೆ. ನೀಲಿ ಬಣ್ಣದ್ದು ತಲುಪಿದ ಗುರುತಾಗಿ ಕಾರ್ಖಾನೆಗೇ ವಾಪಸ್ ಬರಬೇಕು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಇಂಥ ಕಸಕ್ಕೆಂದೇ ತಾಣವಿದೆ. ಈ ಬಗೆಯ ತಾಣಗಳಲ್ಲಿ ಕೆಸರನ್ನು ಸುಣ್ಣ, ಸಿಮೆಂಟಿನಂಥವುಗಳ ಜೊತೆ ಗಟ್ಟಿಮಾಡಿ, ಪ್ಲಾಸ್ಟಿಕ್ ಹಾಸಿನ ಗುಂಡಿಯಲ್ಲಿ ಹೂಳುತ್ತಾರೆ. ಇದು ಮರುಬಳಕೆ ಅಲ್ಲ, ಕಾವಲು. ಕ್ರೋಮಿಕ್ ಆಮ್ಲವನ್ನೇ ಬಿಟ್ಟು ಟಾರ್ಟಾರಿಕ್-ಸಲ್ಫ್ಯೂರಿಕ್ ಆಮ್ಲಕ್ಕೆ ಹೋಗುವುದೇ ನಿಜವಾದ ಪರಿಹಾರ. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ಕ್ರೋಮಿಕ್ ಆಮ್ಲದ ಮೂಲವಾದ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ವಿಶೇಷ ಅನುಮತಿ ಬೇಕು.

ತೇಜಸ್‌ನಂಥ ವಿಮಾನದ ಹೊರಮೈಯಲ್ಲಿ ಕಾರ್ಬನ್ ನಾರಿನ ಭಾಗಗಳೇ ಜಾಸ್ತಿ, ಅದರ ಕಸವೂ ಬೇರೆ ಬಗೆ. ನಾರುಗಳನ್ನು ಹಿಡಿದಿಡುವ ಗಟ್ಟಿಯಾದ ರಾಳ ಕರಗುವುದಿಲ್ಲ. ಗಾಳಿಯಿಲ್ಲದೆ ಬಿಸಿಮಾಡಿ ರಾಳವನ್ನು ಒಡೆದು ನಾರು ಬಿಡಿಸಬಹುದು, ಆದರೆ ಸಿಗುವುದು ತುಂಡು ನಾರು.

ಈಗ ಲೆಕ್ಕದ ವಿಷಯ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ 2022-23ರಿಂದ ದೊಡ್ಡ 1,000 ಲಿಸ್ಟೆಡ್ ಕಂಪನಿಗಳು ಎಷ್ಟು ಕಸ ಹುಟ್ಟಿತು, ಎಷ್ಟು ಮರುಬಳಕೆ ಆಯಿತು, ಎಷ್ಟು ಹೂಳಿದರು ಅಂತ ವರ್ಷವೂ ಹೇಳಬೇಕು. 2018ರಲ್ಲಿ ಷೇರುಪೇಟೆಗೆ ಬಂದ ಎಚ್‌ಎಎಲ್ ಕೂಡ ಇದರಲ್ಲಿ ಸೇರಿದೆ. ಆದರೆ ಆ "ಮರುಬಳಕೆ" ಕಾಲಂ ಒಂದು ಮುಖ್ಯ ಮಾತು ಹೇಳುವುದಿಲ್ಲ, ಅಲ್ವಾ? 7075 ಚಿಪ್ಸ್ ಮತ್ತೆ 7075 ಹಲಗೆಯಾಯಿತೋ, ಬೆರಕೆಯಾಗಿ ಅಚ್ಚಿನ ಲೋಹಕ್ಕೆ ಇಳಿಯಿತೋ? ಎರಡೂ ಒಂದೇ ಅಂಕಿಯಲ್ಲಿ ಕೂರುತ್ತವೆ. ಹೊರಗೆ ಸಣ್ಣ ವರ್ಕ್‌ಶಾಪುಗಳಿಗೆ ಕೊಟ್ಟು ಮಾಡಿಸಿದ ಭಾಗಗಳ ಚಿಪ್ಸ್ ಅಲ್ಲಿಯೇ ಬೀಳುತ್ತದೆ, ಅದನ್ನೂ ಕೇಳಬೇಕು. ರಕ್ಷಣಾ ಕಂಪನಿಗಳು ಮಿಶ್ರಲೋಹದ ಹೆಸರಿನ ಸಮೇತ ಈ ಲೆಕ್ಕ ಕೊಡಲಿ. ಡ್ರಮ್ಮಿನ ಮೇಲೆ ಹೇಗೂ ಬರೆದಿರುತ್ತಾರಲ್ಲ.