ಪದ ಪರಿಚಯ: ಪರಿಹಾರ ಮತ್ತು ದುರಸ್ತಿ

ಕುಶಾಲನಗರದ ಒಂದು ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕದಲ್ಲಿ ಅಂಟಿಸಿದ್ದ ನೋಟಿಸಿನಲ್ಲಿ ‘ಅಗ್ನಿ ಸುರಕ್ಷತಾ ಪರಿಹಾರದ ಬಾಬ್ತು ಪ್ರತಿ ಮನೆಯವರೂ ತಮ್ಮ ಪಾಲನ್ನು ಅಸೋಸಿಯೇಷನ್ನಿಗೆ ಪಾವತಿಸತಕ್ಕದ್ದು’ ಎಂದು ಬರೆದಿತ್ತು. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ‘ಪರಿಹಾರ ನಮಗೆ ಬರಬೇಕೋ, ನಾವೇ ಕೊಡಬೇಕೋ?’ ಎಂದು ಗೀಚಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಕೆಲವು ದಿನಗಳ ನಂತರ, ಇಂಗ್ಲೆಂಡಿನ ಸರ್ಕಾರವು ಕಟ್ಟಡಗಳ ಅಗ್ನಿ ಸುರಕ್ಷತಾ ದೋಷಗಳನ್ನು ಸರಿಪಡಿಸುವ ವಿಚಾರವಾಗಿ ಮನೆ ಕಟ್ಟಿ ಮಾರುವ ಕಂಪನಿಗಳೊಂದಿಗೆ ನಡೆಸಿದ ಮಾತುಕತೆಯ ಬಗ್ಗೆ ಒಂದು ಕನ್ನಡ ಬರಹ ಫೋನಿನಿಂದ ಫೋನಿಗೆ ದಾಟುತ್ತ ಮಡಿಕೇರಿಗೂ ಬಂದಿತು. ಅದರ ತಲೆಬರಹ ‘ಬಿಲ್ಡರುಗಳಿಂದ ಬೆಂಕಿ ಪರಿಹಾರ’ ಎಂದಿತ್ತು. ಅದನ್ನು ಓದಿದ ಹಲವರು ಅಲ್ಲಿನ ನಿವಾಸಿಗಳ ಖಾತೆಗೆ ಹಣ ಬಿದ್ದಿದೆ ಎಂದೇ ತಿಳಿದುಕೊಂಡರು. ಬಿದ್ದಿಲ್ಲ, ಬೀಳಬೇಕೆಂಬುದು ಆ ಮಾತುಕತೆಯ ಉದ್ದೇಶವೂ ಅಲ್ಲ.

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡಕ್ಕೆ ಬೆಂಕಿ ಹತ್ತಿ 72 ಜನ ಸತ್ತರು. ನಾಲ್ಕನೆಯ ಅಂತಸ್ತಿನ ಒಂದು ಅಡುಗೆಮನೆಯ ಫ್ರಿಜ್ಜಿನಲ್ಲಿ ಹುಟ್ಟಿದ ಬೆಂಕಿ ಕಟ್ಟಡದ ಹೊರಗೋಡೆಗೆ ಹೊದಿಸಿದ್ದ ಹಾಳೆಗಳಿಗೆ ತಗಲಿ ಮೇಲೇರಿತು; ಆ ಹಾಳೆಗಳ ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಇದ್ದದ್ದು ಪಾಲಿಥಿಲೀನ್ ಎಂಬ ಪ್ಲಾಸ್ಟಿಕ್ಕು. ನಮ್ಮ ಪೇಟೆಗಳಲ್ಲಿ ಅಂಗಡಿಗಳ, ಲಾಡ್ಜುಗಳ ಮುಂಭಾಗಕ್ಕೆ ಹೊಡೆಸುವ ‘ಎಸಿಪಿ ಶೀಟು’ ಇದೇ ಕುಲಕ್ಕೆ ಸೇರಿದ್ದು, ಮತ್ತು ಅದು ಹೇಗೆ ಉರಿಯುತ್ತದೆ ಎಂಬುದು ನಡುವಿನ ತಿರುಳು ಏನೆಂಬುದರ ಮೇಲೆ ನಿಂತಿದೆ ಎಂಬುದನ್ನು ಹೊಡೆಸುವವರು ಸಾಮಾನ್ಯವಾಗಿ ಕೇಳುವುದಿಲ್ಲ. ಆ ದುರಂತದ ನಂತರ ಇಂಗ್ಲೆಂಡಿನಲ್ಲಿ ಬೇರೆ ಕಟ್ಟಡಗಳನ್ನು ತಪಾಸಣೆ ಮಾಡುತ್ತ ಹೋದಂತೆ ಉರಿಯುವ ಹೊದಿಕೆ, ಗೋಡೆಯೊಳಗಿನ ಪೊಳ್ಳಿನಲ್ಲಿ ಬೆಂಕಿಯನ್ನು ತಡೆಯಬೇಕಾದ ಅಡ್ಡಪಟ್ಟಿಗಳೇ ಇಲ್ಲದಿರುವುದು ಮುಂತಾದ ದೋಷಗಳು ಒಂದೊಂದಾಗಿ ಹೊರಬಂದವು. ಸರಿಪಡಿಸುವ ಖರ್ಚಿನ ಬಿಲ್ಲುಗಳೂ, ಸರಿಯಾಗುವ ತನಕ ರಾತ್ರಿಯಿಡೀ ಕಾವಲುಗಾರರನ್ನು ಓಡಾಡಿಸುವ ಖರ್ಚೂ ಅನೇಕ ಕಡೆ ಮೊದಲು ಬಂದದ್ದು ನಿವಾಸಿಗಳ ಬಾಗಿಲಿಗೆ. ಕಟ್ಟಿದವನ ತಪ್ಪಿಗೆ ಕೊಂಡವನು ಏಕೆ ತೆರಬೇಕು ಎಂಬ ಪ್ರಶ್ನೆಯಿಂದಲೇ ಸರ್ಕಾರ ಮತ್ತು ಬಿಲ್ಡರುಗಳ ನಡುವಿನ ಮಾತುಕತೆ ಹುಟ್ಟಿತು. ಇಂಥ ದೋಷಗಳನ್ನು ಸರಿಪಡಿಸುವ ಕೆಲಸಕ್ಕೆ ಅಲ್ಲಿ ಬಳಸುವ ಪದ ‘ರಿಮೀಡಿಯೇಷನ್’; ಕನ್ನಡಕ್ಕೆ ಬರುವಾಗ ಅದು ಯಾವ ವಿಚಾರಣೆಯೂ ಇಲ್ಲದೆ ‘ಪರಿಹಾರ’ವಾಗಿಬಿಟ್ಟಿದೆ.

ಹಾಗೆ ಬರೆದವರ ಪಕ್ಷದಲ್ಲಿ ವ್ಯುತ್ಪತ್ತಿ ಇದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಒಯ್ಯು, ತೆಗೆ ಎಂಬ ಅರ್ಥದ ‘ಹೃ’ ಧಾತುವಿಗೆ, ಸುತ್ತಲೂ ಎಂಬ ಅರ್ಥದ ‘ಪರಿ’ ಎಂಬ ಉಪಸರ್ಗ ಸೇರಿ ‘ಪರಿಹಾರ’ ಆಗಿದೆ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಹೇಳುವ, ಸಂಸ್ಕೃತ ಕಲಿತವರೆಲ್ಲ ಬಾಯಿಪಾಠ ಮಾಡಿರುವ ಶ್ಲೋಕವು ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಐದು ಪದಗಳನ್ನೇ ನಿದರ್ಶನವಾಗಿ ಕೊಡುತ್ತದೆ. ಧಾತು ಒಂದೇ ಆದರೂ ಒಂದು ಹೊಡೆತ, ಇನ್ನೊಂದು ಊಟ, ಮತ್ತೊಂದು ಕೊಲೆ, ಮಗದೊಂದು ತಿರುಗಾಟ. ಈ ಸಾಲಿನ ಕೊನೆಯಲ್ಲಿ ನಿಂತಿರುವ ಪರಿಹಾರಕ್ಕೆ ಮೂಲದಲ್ಲಿ ಇರುವ ಅರ್ಥ ದೂರ ಸರಿಸುವುದು, ತೊಲಗಿಸುವುದು. ಹಣದ ಸೋಂಕೂ ಅದಕ್ಕೆ ಇರಲಿಲ್ಲ.

ಕನ್ನಡದ ಶಾಸನಗಳಿಗೆ ಬಂದರೆ ಈ ಪದ ಇನ್ನೊಂದು ದಾರಿ ಹಿಡಿದಿರುವುದು ಕಾಣುತ್ತದೆ. ದೇವಸ್ಥಾನಕ್ಕೋ ಬ್ರಾಹ್ಮಣರಿಗೋ ಭೂಮಿಯನ್ನು ದತ್ತಿ ಬಿಟ್ಟಾಗ ‘ಸರ್ವಬಾಧಾಪರಿಹಾರ’ವಾಗಿ ಬಿಟ್ಟೆವು ಎಂದು ಕಂಡರಿಸುವುದು ಬಹಳ ಕಾಲ ನಡೆದ ವಾಡಿಕೆ. ಅಲ್ಲಿ ಬಾಧೆ ಎಂದರೆ ತೆರಿಗೆ, ಬಿಟ್ಟಿ, ಕಾಣಿಕೆ ಮುಂತಾದ ಕಾಟಗಳು, ಪರಿಹಾರ ಎಂದರೆ ಅವುಗಳಿಂದ ವಿನಾಯಿತಿ. ಶಾಸನದ ಕನ್ನಡವನ್ನಷ್ಟೇ ಬಲ್ಲವರೊಬ್ಬರು ‘ಬಿಲ್ಡರುಗಳಿಗೆ ಪರಿಹಾರ’ ಎಂಬ ಸಾಲನ್ನು ಇಂದು ಓದಿದರೆ ಬಿಲ್ಡರುಗಳಿಗೆ ಎಲ್ಲ ಹೊಣೆಯಿಂದಲೂ ಬಿಡುಗಡೆ ಸಿಕ್ಕಿತು ಎಂದು ತಿಳಿದಾರು; ಕೆಲವು ಸಂದರ್ಭಗಳಲ್ಲಿ ಅವರ ಓದೇ ವಾಸ್ತವಕ್ಕೆ ಹತ್ತಿರವಾದೀತು. ಜ್ಯೋತಿಷ್ಯದ ‘ಸರ್ಪದೋಷ ಪರಿಹಾರ’ದಲ್ಲಿ ಮಾತ್ರ ಮೂಲಾರ್ಥ ಇಂದಿಗೂ ಹೆಚ್ಚು ಕೆಡದೆ ಉಳಿದಿದೆ, ಏಕೆಂದರೆ ಅಲ್ಲಿ ದೋಷ ತೊಲಗಬೇಕು, ಮತ್ತು ಹಣ ಕೊಡುವವರು ನಾವೇ.

ಹಣದ ಅರ್ಥ ಗಟ್ಟಿಯಾದದ್ದು ಕಚೇರಿಯ ಕನ್ನಡದಲ್ಲಿ. ಭೂಸ್ವಾಧೀನಕ್ಕೆ ಪರಿಹಾರ, ಅಪಘಾತಕ್ಕೆ ಪರಿಹಾರ, ಬೆಳೆಹಾನಿಗೆ ಪರಿಹಾರ ಎಂದು ಬರೆದೂ ಬರೆದೂ ‘ಧನ’ ಎಂಬ ಬಾಲ ಉದುರಿಹೋಗಿ, ಪರಿಹಾರ ಎಂದರೆ ಸಾಕು, ಕೇಳಿದವರಿಗೆ ಚೆಕ್ಕೇ ನೆನಪಾಗುವಂತಾಗಿದೆ. ಕೊಡಗಿನಲ್ಲಿ ಇದು ಇನ್ನೂ ಆಳಕ್ಕೆ ಇಳಿದಿದೆ. ಆನೆ ತೋಟಕ್ಕೆ ನುಗ್ಗಿ ಕಾಫಿ ಗಿಡ, ಬಾಳೆ ಮುರಿದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕುವುದು ಪರಿಹಾರಕ್ಕೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಮನೆ ಬಿಟ್ಟು ಬಂದವರು ತಂಗಿದ್ದು ಪರಿಹಾರ ಕೇಂದ್ರದಲ್ಲಿ, ಆಮೇಲೆ ವರ್ಷಗಟ್ಟಲೆ ಅಲೆದದ್ದೂ ಪರಿಹಾರಕ್ಕೆ. ಇಂಥ ಜಿಲ್ಲೆಯಲ್ಲಿ ‘ಅಗ್ನಿ ಸುರಕ್ಷತಾ ಪರಿಹಾರ’ ಎಂದು ನೋಟಿಸು ಹಾಕಿ, ಓದಿದವರು ತಪ್ಪು ತಿಳಿದರು ಎಂದು ದೂರುವುದು ಸರಿಯಲ್ಲ.

ಒಂದು ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ನಾಮಪದಕ್ಕೆ ಅಂಟಿದ ಹಣ ಕ್ರಿಯಾಪದಕ್ಕೆ ಅಂಟಲೇ ಇಲ್ಲ. ‘ಸಮಸ್ಯೆಯನ್ನು ಪರಿಹರಿಸಿದರು’ ಎಂದರೆ ಸಮಸ್ಯೆ ಹೋಯಿತು ಎಂದೇ ಅರ್ಥ. ದುಡ್ಡು ಕೊಟ್ಟರು ಎಂದು ಯಾರೂ ತಿಳಿಯುವುದಿಲ್ಲ. ‘ಸಮಸ್ಯೆಗೆ ಪರಿಹಾರ ಕೊಟ್ಟರು’ ಎಂದ ಕೂಡಲೇ, ಸಮಸ್ಯೆ ಹಾಗೆಯೇ ಉಳಿದಿದ್ದು ದುಡ್ಡು ಮಾತ್ರ ಕೈಸೇರಿರಬಹುದು ಎಂಬ ಅರ್ಥಕ್ಕೂ ಎಡೆಯಾಗುತ್ತದೆ. ಉರಿಯುವ ಹೊದಿಕೆಯ ಕಟ್ಟಡದ ಮಟ್ಟಿಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ, ಏಕೆಂದರೆ ಹಣ ಪಡೆದವನೂ ಅದೇ ಹೊದಿಕೆಯ ಹಿಂದೆಯೇ ಮಲಗಬೇಕು.

ಹಾಗಾದರೆ ಸರಿಯಾದ ಪದ ಯಾವುದು? ‘ದೋಷ ನಿವಾರಣೆ’ ಎಂದರೆ ತಪ್ಪಿಲ್ಲ, ಸರ್ಕಾರಿ ಪತ್ರಕ್ಕೆ ಅದು ಒಪ್ಪುತ್ತದೆ. ಆದರೆ ನನ್ನ ಮತ ‘ದುರಸ್ತಿ’ಗೆ. ಇದಕ್ಕೆ ಬರುವ ಆಕ್ಷೇಪ ಗೊತ್ತಿದೆ: ಮುರಿದದ್ದನ್ನು ದುರಸ್ತಿ ಮಾಡುತ್ತಾರೆ, ಈ ಕಟ್ಟಡಗಳಲ್ಲಿ ಏನೂ ಮುರಿದಿಲ್ಲವಲ್ಲ, ಹೊದಿಕೆ ಹೊಳೆಯುತ್ತಲೇ ಇದೆಯಲ್ಲ ಎಂಬುದು. ದುರಸ್ತಿ ಎಂದರೆ ಸೋರುವ ನಲ್ಲಿ ಮತ್ತು ಕೆಟ್ಟ ಪಂಪ್‌ಸೆಟ್ಟು ಮಾತ್ರ ಎಂದು ತಿಳಿದವರ ಆಕ್ಷೇಪ ಇದು. ಪಾರಸಿಯ ‘ದುರುಸ್ತ್’ ಎಂದರೆ ಸರಿಯಾದದ್ದು, ನೆಟ್ಟಗಿರುವುದು. ದುರಸ್ತಿ ಎಂದರೆ ಸರಿಯಾಗಿಸುವಿಕೆ. ಮುರಿಯುವಿಕೆ ಅದರ ಅರ್ಥದಲ್ಲಿ ಸೇರಿಲ್ಲ. ಕಂದಾಯ ಇಲಾಖೆಯ ಕನ್ನಡ ಇದನ್ನು ಮರೆತಿಲ್ಲ: ‘ಪೋಡಿ ದುರಸ್ತಿ’ಯಲ್ಲಿ ಗದ್ದೆಯೂ ಮುರಿದಿರುವುದಿಲ್ಲ, ಬದುವೂ ಮುರಿದಿರುವುದಿಲ್ಲ, ಭೂಮಿ ಇರುವ ರೀತಿಗೂ ಕಾಗದ ಹೇಳುವ ರೀತಿಗೂ ತಾಳೆಯಾಗದಿದ್ದುದನ್ನು ತಾಳೆ ಮಾಡುತ್ತಾರೆ. ಜಮ್ಮಾ ಹಿಡುವಳಿಯ ದಾಖಲೆಗಳಿಗಾಗಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾವ ಕೊಡಗಿನವರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟಿದ ದಿನವೇ ತಪ್ಪಾಗಿದ್ದ ಗೋಡೆಯನ್ನು, ಅದು ಇರಬೇಕಾಗಿದ್ದ ರೀತಿಗೆ ತರುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಪದ ಹುಡುಕುವುದು ಕಷ್ಟ.

ನಮ್ಮ ರೇರಾ ಕಾಯಿದೆಯೂ, ಅಂದರೆ 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯೂ, ಈ ಎರಡನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಅದರ 14ನೆಯ ಪ್ರಕರಣದ 3ನೆಯ ಉಪಪ್ರಕರಣದ ಪ್ರಕಾರ, ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕಾಮಗಾರಿಯಲ್ಲಾಗಲಿ, ಗುಣಮಟ್ಟದಲ್ಲಾಗಲಿ, ಒದಗಿಸಬೇಕಾದ ಸೇವೆಗಳಲ್ಲಾಗಲಿ ದೋಷವಿದೆ ಎಂದು ಬಿಲ್ಡರನ ಗಮನಕ್ಕೆ ತಂದರೆ, ಅವನು ಹೆಚ್ಚುವರಿ ಹಣ ಕೇಳದೆ 30 ದಿನಗಳೊಳಗೆ ಅದನ್ನು ಸರಿಪಡಿಸಬೇಕು. ಹಾಗೆ ಸರಿಪಡಿಸಲು ತಪ್ಪಿದರೆ ಆಗ ಮನೆ ಕೊಂಡವರಿಗೆ ಪರಿಹಾರ ಪಡೆಯುವ ಹಕ್ಕು ಬರುತ್ತದೆ. ಅಂದರೆ ದುರಸ್ತಿ ಮೊದಲ ಕರ್ತವ್ಯ, ಪರಿಹಾರ ಆ ಕರ್ತವ್ಯ ತಪ್ಪಿದ್ದಕ್ಕೆ ತೆರುವ ದಂಡದಂಥದ್ದು. ಅಗ್ನಿ ಸುರಕ್ಷತೆಯ ಏರ್ಪಾಡುಗಳನ್ನು ಇದೇ ಕಾಯಿದೆ ಯೋಜನೆಯ ಒಳಗಿನ ಅಭಿವೃದ್ಧಿ ಕಾಮಗಾರಿಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಬಿಲ್ಡರನಿಗೆ ಬರೆಯುವ ಮೊದಲ ಪತ್ರದಲ್ಲೇ ‘ಪರಿಹಾರ ಕೊಡಿ’ ಎಂದು ಕೇಳುವ ಅಸೋಸಿಯೇಷನ್ನುಗಳು ಎರಡನೆಯ ಮೆಟ್ಟಿಲಿನ ಮಾತನ್ನು ಮೊದಲನೆಯದರಲ್ಲೇ ಆಡಿದಂತಾಗುತ್ತದೆ. ಮೊದಲು ಕೇಳಬೇಕಾದದ್ದು ದುರಸ್ತಿಯನ್ನು. ಆ 5 ವರ್ಷ ಮುಗಿಯುವ ಮೊದಲೇ, ದೋಷ ಯಾವುದೆಂದು ಬಿಡಿಸಿ ಹೇಳಿ ಕೇಳಬೇಕು.

ಸರ್ಕಾರ ಮತ್ತು ಬಿಲ್ಡರುಗಳ ಆ ಮಾತುಕತೆಯಿಂದ ಹೊರಬಂದ ಇಂಗ್ಲೆಂಡಿನ ಒಪ್ಪಂದದಲ್ಲಿ ಈ ಅವಧಿ 30 ವರ್ಷ. 2022ರ ಏಪ್ರಿಲ್ 5ಕ್ಕೆ ಹಿಂದಿನ 30 ವರ್ಷಗಳಲ್ಲಿ ತಾವು ಕಟ್ಟಿದ ಅಥವಾ ನವೀಕರಿಸಿದ, 11 ಮೀಟರ್ ಅಥವಾ ಅದಕ್ಕಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಜೀವಕ್ಕೆ ಅಪಾಯ ತರುವ ಅಗ್ನಿ ಸುರಕ್ಷತಾ ದೋಷಗಳನ್ನು ತಮ್ಮ ಖರ್ಚಿನಲ್ಲೇ ಸರಿಪಡಿಸುವುದಾಗಿ ಕಂಪನಿಗಳು ಒಪ್ಪಿಕೊಂಡಿವೆ. ಜೊತೆಗೆ, ಅಂಥ ಕಟ್ಟಡಗಳಿಗೆ ಸರ್ಕಾರ ಈಗಾಗಲೇ ಸಾರ್ವಜನಿಕ ಹಣ ಖರ್ಚು ಮಾಡಿದ್ದರೆ ಅದನ್ನು ಬೊಕ್ಕಸಕ್ಕೆ ಮರಳಿಸಬೇಕು. ಗಮನಿಸಿ: ಮೊದಲನೆಯದು ಕೆಲಸ, ಎರಡನೆಯದು ಸರ್ಕಾರಕ್ಕೆ ಸಲ್ಲುವ ಮರುಪಾವತಿ. ‘ಪರಿಹಾರ’ ಎಂದು ಬರೆದವರು ಈ ಎರಡನ್ನೂ ಒಂದೇ ಪಾತ್ರೆಗೆ ಸುರಿದು, ಅಲ್ಲಿ ಇಲ್ಲದ ಮೂರನೆಯದನ್ನು ಓದುಗರಿಗೆ ಬಡಿಸಿದ್ದಾರೆ.

ಎತ್ತರದ ಬಗ್ಗೆ ಒಂದು ಮಾತು, ಮಡಿಕೇರಿಯವರಿಗಾಗಿ. ರಸ್ತೆಯಿಂದ ನೋಡಿದರೆ ಎರಡು ಅಂತಸ್ತು, ಕೆಳಗಿನ ಕಣಿವೆಯಿಂದ ನೋಡಿದರೆ ಐದು ಅಂತಸ್ತು ಇರುವ ಕಟ್ಟಡಗಳು ಇಲ್ಲಿ ಸಾಮಾನ್ಯ, ಮತ್ತು ಅಳೆಯುವಾಗ ಮಾಲೀಕರು ಯಾವ ಬದಿಯಲ್ಲಿ ನಿಲ್ಲಲು ಇಷ್ಟಪಡುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಇಂಗ್ಲೆಂಡಿನ 2022ರ ಕಟ್ಟಡ ಸುರಕ್ಷತಾ ಕಾಯಿದೆಯು, ನಿವಾಸಿಗಳಿಗೆ ರಕ್ಷಣೆ ಕೊಡುವ ಭಾಗದಲ್ಲಿ, ನೆಲ ಸಮತಟ್ಟಾಗಿಲ್ಲದಿದ್ದರೆ ಕಟ್ಟಡಕ್ಕೆ ತಾಗಿದ ನೆಲದ ಅತ್ಯಂತ ಕೆಳಗಿನ ಭಾಗದಿಂದ ಅಳೆಯಬೇಕು ಎನ್ನುತ್ತದೆ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಹುಮಹಡಿ ಎನಿಸಿಕೊಳ್ಳಲು 15 ಮೀಟರ್ ಬೇಕು. ಇಲ್ಲಿನ ಹೆಚ್ಚಿನ ಕಟ್ಟಡಗಳು ಅದರ ಕೆಳಗೇ ಉಳಿಯುತ್ತವೆ.

ಇನ್ನು ‘ಮನವಿ’, ‘ವಾಗ್ದಾನ’, ‘ಒಪ್ಪಂದ’ಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಹಾಕಿ ಬರೆಯುವ ಚಾಳಿ. 2022ರ ಏಪ್ರಿಲ್‌ನಲ್ಲಿ ಅಲ್ಲಿನ ದೊಡ್ಡ ಬಿಲ್ಡರುಗಳು ಸಹಿ ಮಾಡಿದ್ದು ವಾಗ್ದಾನಕ್ಕೆ. ಕಾನೂನಿನ ಕಟ್ಟು ಅದಕ್ಕೆ ಇರಲಿಲ್ಲ. ಕಾನೂನಿನಂತೆ ಕಟ್ಟಿಹಾಕುವ ಒಪ್ಪಂದ ಹೊರಬಂದದ್ದು 2023ರ ಜನವರಿ 30ರಂದು, ಸಹಿಗೆ ಕೊಟ್ಟ ಗಡುವು ಮಾರ್ಚ್ 13. ಅದೇ ವರ್ಷದ ಜುಲೈನಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಅರ್ಹವಾಗಿದ್ದೂ ಹೊಣೆ ಹೊರಲು ಮುಂದೆ ಬಾರದ ಕಂಪನಿಗಳ ಹೊಸ ದೊಡ್ಡ ಕಾಮಗಾರಿಗಳನ್ನು ತಡೆಹಿಡಿಯಬಹುದು. ಸರ್ಕಾರ ಬಿಲ್ಡರುಗಳಿಗೆ ‘ಮನವಿ ಮಾಡಿಕೊಂಡಿತು’ ಎಂದು ಬರೆದರೆ ಈ ಬಿಗಿಯೆಲ್ಲ ಸಡಿಲವಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಪ್ರಕಟವಾದ, ಸರ್ಕಾರ ಮತ್ತು ಬಿಲ್ಡರುಗಳ ಜಂಟಿ ಯೋಜನೆಗೆ ಸಹಿ ಹಾಕಿದ ಬಿಲ್ಡರುಗಳು ತಮ್ಮ ಕಟ್ಟಡಗಳೆಲ್ಲವನ್ನೂ 2025ರ ಜುಲೈ ಕೊನೆಯೊಳಗೆ ಪರಿಶೀಲಿಸುವುದಾಗಿಯೂ, ಶೇ 80ರಷ್ಟರಲ್ಲಿ 2026ರ ಜುಲೈ ಕೊನೆಯೊಳಗೆ, ಉಳಿದವುಗಳಲ್ಲಿ 2027ರ ಜುಲೈ ಕೊನೆಯೊಳಗೆ ಕೆಲಸವನ್ನು ‘ಆರಂಭಿಸುವುದಾಗಿ ಅಥವಾ ಮುಗಿಸುವುದಾಗಿ’ಯೂ ಹೇಳಿದರು. ಫೋನಿಗೆ ಬಂದ ಆ ಬರಹದಲ್ಲಿ ಇದು ‘2027ಕ್ಕೆ ಸಂಪೂರ್ಣ ಪರಿಹಾರ’ ಎಂದಾಗಿದೆ. ಪರಿಹಾರ ಎಂಬುದರ ತಪ್ಪನ್ನು ಈವರೆಗೆ ಹೇಳಿಯಾಯಿತು. ‘ಸಂಪೂರ್ಣ’ ಎಂಬುದೂ ತಪ್ಪು, ಏಕೆಂದರೆ ಸಾರುವೆ ಕಟ್ಟಿ ಮೊದಲ ಹಾಳೆಯನ್ನು ಬಿಚ್ಚಿದ ಕಟ್ಟಡವೂ ಆ ಲೆಕ್ಕದಲ್ಲಿ ಸೇರುತ್ತದೆ.