ಕಣ್ಣಿಗೂ ಕಟ್ಟಬೇಕಾದ ರಾಕ್: ಎಕ್ಸ್ ತಂಡದ ಮೊದಲ ಲೈವ್ ವಿಡಿಯೊ

ಜಪಾನಿನ ರಾಕ್ ತಂಡ ಎಕ್ಸ್‌ನ 'ಬ್ಲೂ ಬ್ಲಡ್' ಆಲ್ಬಮ್ ಅಂಗಡಿಗೆ ಬಂದದ್ದು 1989ರ ಏಪ್ರಿಲ್ 21ರಂದು. ಅದಕ್ಕೂ ಒಂದು ತಿಂಗಳು ಮೊದಲೇ, ಮಾರ್ಚ್ 16ರಂದು, ಟೋಕಿಯೊದ ಶಿಬುಯಾ ಪಬ್ಲಿಕ್ ಹಾಲ್‌ನಲ್ಲಿ ಕ್ಯಾಮೆರಾಗಳು ಈ ತಂಡದ ಶೋ ಚಿತ್ರೀಕರಿಸಿಕೊಂಡವು. ಅದೇ ವರ್ಷ 'ಬಕುಹಾತ್ಸು ಸುಂಜೆನ್ ಗಿಗ್' ಎಂಬ ಹೆಸರಲ್ಲಿ ಹೊರಬಂದ ಇದು ಅವರ ಮೊದಲ ಲೈವ್ ವಿಡಿಯೊ. ಇನ್ನೇನು ಸಿಡಿಯಲಿದೆ ಎನ್ನುವ ಗಳಿಗೆಯ ಶೋ ಎಂದು ಆ ಹೆಸರಿನ ಭಾವ.

ಚಿಬಾ ಪ್ರಾಂತ್ಯದ ತತೆಯಾಮಾದಲ್ಲಿ ಬಾಲ್ಯದಿಂದಲೂ ಗೆಳೆಯರಾಗಿದ್ದ ಡ್ರಮ್ಮರ್ ಯೋಶಿಕಿ ಮತ್ತು ಗಾಯಕ ತೋಶಿ 1982ರಲ್ಲಿ ಕಟ್ಟಿದ ತಂಡ ಇದು. ದೊಡ್ಡ ಕಂಪನಿಗಳ ಬಾಗಿಲು ಕಾಯುವ ಬದಲು ಯೋಶಿಕಿ 1986ರಲ್ಲಿ ಎಕ್ಸ್‌ಟಸಿ ರೆಕಾರ್ಡ್ಸ್ ಎಂಬ ಸ್ವಂತ ಲೇಬಲ್ ಶುರುಮಾಡಿದರು. 1988ರ 'ವ್ಯಾನಿಶಿಂಗ್ ವಿಷನ್' ಆಲ್ಬಮ್ ಅಲ್ಲಿಂದಲೇ ಬಂತು. ಅದೇ ವರ್ಷ ದೊಡ್ಡ ರೆಕಾರ್ಡ್ ಕಂಪನಿ ಸಿಬಿಎಸ್ ಸೋನಿ ಜೊತೆ ಒಪ್ಪಂದವೂ ಆಯಿತು.

ಆದರೆ ಹೆವಿ ಮೆಟಲ್‌ನ ಮಡಿವಂತರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಸ್ಪ್ರೇ ಹೊಡೆದು ನೆಟ್ಟಗೆ ನಿಲ್ಲಿಸಿದ ಕೂದಲು, ಮುಖದ ತುಂಬ ಮೇಕಪ್ಪು, ಅದು ಸಾಲದೆಂಬಂತೆ ಟಿವಿಯ ಹಾಸ್ಯ ಕಾರ್ಯಕ್ರಮದಲ್ಲಿ ಸಣ್ಣ ಊಟದ ಹೋಟೆಲೊಂದರೊಳಗೆ ಅಬ್ಬರದ ಹಾಡು. ಸಂಗೀತ ಗೊತ್ತಿಲ್ಲದವರು ವೇಷ ಹಾಕುತ್ತಾರೆ ಎಂಬುದು ಟೀಕೆ. ನನಗೆ ಇದು ಅನ್ಯಾಯದ ಮಾತು. ವೇಷ ಇವರ ಸಂಗೀತಕ್ಕೆ ಹಚ್ಚಿದ ಬಣ್ಣವಲ್ಲ, ಅದರದೇ ಅಂಗ. 'ಬ್ಲೂ ಬ್ಲಡ್' ಮುಖಪುಟದಲ್ಲೇ 'ಸೈಕೆಡೆಲಿಕ್ ವಯಲೆನ್ಸ್ ಕ್ರೈಮ್ ಆಫ್ ವಿಶುವಲ್ ಶಾಕ್' ಎಂದು ಅಚ್ಚು ಹಾಕಿಸಿದ್ದರು. ವೇಷ, ಮೇಕಪ್ಪನ್ನೂ ಸಂಗೀತದಷ್ಟೇ ಮುಖ್ಯವೆನ್ನುವ ಜಪಾನಿನ ಇಡೀ 'ವಿಶುವಲ್ ಕೇ' ಪರಂಪರೆಗೆ ಹೆಸರು ಬಂದದ್ದು ಈ ಸಾಲಿನಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಥ ತಂಡವನ್ನು ಬರೀ ಕ್ಯಾಸೆಟ್ಟಿನಲ್ಲಿ ಕೇಳಿದರೆ ಅರ್ಧವಷ್ಟೇ ಸಿಕ್ಕಂತೆ. ಉಳಿದರ್ಧವನ್ನು ಮನೆಮನೆಗೆ ಮುಟ್ಟಿಸಿದ್ದು ವಿಎಚ್ಎಸ್ ವಿಡಿಯೊ ಟೇಪು.

ವಿಡಿಯೊ ನೋಡಿದರೆ ಟೀಕೆಗೂ ಉತ್ತರ ಸಿಗುತ್ತದೆ. ಯೋಶಿಕಿಯ ಎರಡೂ ಕಾಲು ಎರಡು ಬಾಸ್ ಡ್ರಮ್ಮುಗಳ ಮೇಲೆ ಒಂದೇ ಸಮನೆ ಓಡುತ್ತವೆ. ಹಿದೆ ಮತ್ತು ಪಾಟಾ ಅವರ ಗಿಟಾರುಗಳು ಜೋಡಿಯಾಗಿ ರಾಗ ಎಳೆಯುತ್ತವೆ. ತೈಜಿಯ ಬಾಸ್ ಗಿಟಾರ್ ತಾಳಕ್ಕೆ ಆಸರೆಯಾಗಿ ನಿಂತು ಸುಮ್ಮನಾಗುವುದಿಲ್ಲ, ತನ್ನದೇ ಮಾತಾಡುತ್ತದೆ. ಇನ್ನು 'ಎಕ್ಸ್' ಹಾಡು ಬಂದರೆ ಜನ ಮುಂಗೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದು ಒಟ್ಟಿಗೆ ಜಿಗಿಯುತ್ತಾರೆ. ಶೋಗೆ ಹೋಗದವರಿಗೂ ಈ ಜಿಗಿತ ಪರಿಚಯವಾದದ್ದು ಇಂಥ ಟೇಪುಗಳಿಂದ.

ಶಿಬುಯಾ ಹಾಲ್ 1964ರ ಒಲಿಂಪಿಕ್ಸ್‌ನ ಭಾರ ಎತ್ತುವ ಸ್ಪರ್ಧೆಗೆಂದು ಕಟ್ಟಿದ್ದು. ಆಗ ಅದರಲ್ಲಿ ಕೂರಬಹುದಾಗಿದ್ದುದು 2,000ಕ್ಕಿಂತ ತುಸು ಹೆಚ್ಚು ಜನ. ಮೂರೇ ವರ್ಷದಲ್ಲಿ, 1992ರ ಜನವರಿಯಲ್ಲಿ, ಎಕ್ಸ್ ಟೋಕಿಯೊ ಡೋಮ್ ಎಂಬ ದೊಡ್ಡ ಕ್ರೀಡಾಂಗಣದಲ್ಲಿ ಸತತ ಮೂರು ದಿನ ಹಾಡಿತು. ಅದಾದ ಮೇಲೆ ತೈಜಿ ತಂಡ ಬಿಟ್ಟರು. 1998ರಲ್ಲಿ ಹಿದೆ, 2011ರಲ್ಲಿ ತೈಜಿ ತೀರಿಕೊಂಡರು. ಡೋಮ್‌ನ ವಿಡಿಯೊಗಳಲ್ಲಿ ವೈಭವ ಹೆಚ್ಚು, ನಿಜ. ಆದರೆ ಈ ಐವರೂ ಒಂದೇ ಸಣ್ಣ ವೇದಿಕೆಯ ಮೇಲೆ ಹೇಗೆ ನುಡಿಸುತ್ತಿದ್ದರು ಎಂದು ತಿಳಿಯಬೇಕಾದವರು 'ಬ್ಲೂ ಬ್ಲಡ್' ಕೇಳುವುದಕ್ಕೂ ಮೊದಲು ಇದನ್ನೇ ನೋಡಬೇಕು.